ರಾಜಕ್ಕ ಇಂಗ್ಲಿಷ್ ಕಲಿತದ್ದು

ಹೊಸಮನೆ ಬಡಾವಣೆಯ ನಮ್ಮ ಬೀದಿಯಲ್ಲಿ ಅರವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯಲು ಕೂತವರು ರಾಜಕ್ಕ ಒಬ್ಬರೇ. ಪೂರ್ತಿ ಹೆಸರು ಬಸವರಾಜೇಶ್ವರಿ. ಅಷ್ಟುದ್ದ ಕರೆಯುವ ತಾಳ್ಮೆ ನಮ್ಮ ಬೀದಿಗಿಲ್ಲ. ಹುಟ್ಟಿದ್ದು ಭದ್ರಾವತಿಯಲ್ಲಿ, ಓದಿದ್ದು ಏಳನೇ ಕ್ಲಾಸು, ಮದುವೆಯಾದದ್ದು ಇಂಗ್ಲಿಷ್ ಮೇಷ್ಟ್ರನ್ನು. ಇಷ್ಟು ವರ್ಷ ಇಂಗ್ಲಿಷಿನ ಪಕ್ಕದಲ್ಲೇ ಒಗ್ಗರಣೆ ಹಾಕಿದರೂ ಅದರ ಒಂದು ಹನಿಯೂ ಅವರ ಮೇಲೆ ಸಿಡಿದಿರಲಿಲ್ಲ. ಅವರಿಗೆ ಕಲಿಸಿದವಳು ನಾನು, ಎದುರುಮನೆಯ ರಶ್ಮಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕಾದರೂ ರಾಜಕ್ಕನ ಹಟ ಇದ್ದಿದ್ದರೆ ನನ್ನ ಗಂಟಲು ಇಷ್ಟು ಕೆಡುತ್ತಿರಲಿಲ್ಲ.

ಅವರ ಯಜಮಾನರು ವಿಶ್ವಾರಾಧ್ಯ ಮೇಷ್ಟ್ರು. ದಿನಾ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಅಲ್ಲಿನ ಹೈಸ್ಕೂಲೊಂದರಲ್ಲಿ ಕಾರ್ಖಾನೆ ಕಾರ್ಮಿಕರ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು. ನಿವೃತ್ತರಾದ ಮೇಲೂ ಸುಮ್ಮನಿರದೆ ಮನೆಯಂಗಳದಲ್ಲಿ ಟ್ಯೂಷನ್ ನಡೆಸಿದವರು. ಮನೆಯಲ್ಲಿ ಕನ್ನಡವೋ ತಮಿಳೋ ತೆಲುಗೋ ಆಡುವ ಆ ಮಕ್ಕಳಿಗೆಲ್ಲ ಇಂಗ್ಲಿಷ್ ಎಂದರೆ ಮೇಷ್ಟ್ರು, ಮೇಷ್ಟ್ರೆಂದರೆ ಭಯ. ನಾನೂ ಆ ಅಂಗಳದಲ್ಲಿ ನಿಂತವಳೇ. ನಿಂತವಳೇ ಎಂದೆ, ಯಾಕೆಂದರೆ ಅವರು ಯಾರನ್ನೂ ಕೂರಿಸುತ್ತಿರಲಿಲ್ಲ. ಪುಸ್ತಕ ಮುಚ್ಚಿಸಿ, ಮಕ್ಕಳನ್ನೇ ಪದಗಳನ್ನಾಗಿ ಮಾಡಿ ಸಾಲಾಗಿ ನಿಲ್ಲಿಸುತ್ತಿದ್ದರು. ಮೊದಲಿಗೆ ಒಬ್ಬ ‘ಆಂಡ್’, ಅವನ ಪಕ್ಕ ಒಬ್ಬಳು ‘ಈವನ್’, ಆಮೇಲೆ ‘ದಿ’, ಆಮೇಲೆ ‘ಓಲ್ಡ್’, ಕೊನೆಗೆ ಎದೆಯುಬ್ಬಿಸಿ ನಿಂತ ‘ಹೆಡ್‌ಮಾಸ್ಟರ್’. ಗಿಡ್ಡಗಿದ್ದ ನಾನು ಯಾವಾಗಲೂ ‘ಓನ್ಲಿ’. ಒಂದು ದಿನವಾದರೂ ನನ್ನನ್ನು ‘ಹೆಡ್‌ಮಾಸ್ಟರ್’ ಮಾಡಲಿಲ್ಲವಲ್ಲ ಎಂಬ ಕೋಪ ನನಗೆ ಇನ್ನೂ ಇದೆ.

"ಕನ್ನಡದಲ್ಲಿ ಹೆಡ್‌ಮಾಸ್ಟರೂ ಅಂತೀವಿ, ಹೆಡ್‌ಮಾಸ್ಟರ್ ಮಾತ್ರ ಅಂತೀವಿ," ಎಂದು ಮೇಷ್ಟ್ರು ಸಾಲಿನ ಉದ್ದಕ್ಕೂ ಓಡಾಡುತ್ತಿದ್ದರು. "ನಮ್ಮಲ್ಲಿ ಸಣ್ಣಪುಟ್ಟದ್ದೆಲ್ಲ ಹೆಸರಿನ ಹಿಂದೆ. ಇಂಗ್ಲಿಷಲ್ಲಿ ಸಣ್ಣಪುಟ್ಟದ್ದು ಮುಂದೆ ಬಂದು ದಾರಿ ಬಿಡಿಸ್ಬೇಕು, ಹೆಸರು ಕೊನೇಲಿ ಬರುತ್ತೆ. ಅದರಲ್ಲೂ ‘ಆಂಡ್’ ಮುಂದೆ, ‘ಈವನ್’ ಅದರ ಹಿಂದೆ. ಈವನ್ ಆಂಡ್ ಅಂತ ಯಾರಾದ್ರೂ ನಿಂತ್ರೋ, ಕಿವಿ ಹಿಂಡಿ ಮನೆಗೆ ಕಳಿಸ್ತೀನಿ." ಕಿವಿ ಹಿಂಡುತ್ತಲೂ ಇದ್ದರು. ಮನೆಗೆ ಮಾತ್ರ ಯಾರನ್ನೂ ಕಳಿಸಲಿಲ್ಲ.

ಅಂಥವರಿಗೆ ಎರಡು ವರ್ಷದ ಹಿಂದೆ ಲಿಂಗಪೂಜೆಗೆ ಕೂತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ನಾನು ಆಗ ಹಾಸನದ ಕಾಲೇಜಿನಲ್ಲಿದ್ದೆ. ಮುಂದಿನದನ್ನು ನನಗೆ ಹೇಳಿದವರು ರಾಜಕ್ಕನೇ. ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಮೈತ್ರಿ ಎಂಬ ಹುಡುಗಿ, ವಾರವಾರ ತಪ್ಪದೆ ಕರೆದುಕೊಂಡು ಬನ್ನಿ, ಮೊದಲ ತಿಂಗಳುಗಳೇ ಮುಖ್ಯ ಎಂದಿದ್ದಳಂತೆ. ಕೆಲವು ವಾರ ಹೋದರು. ಆಮೇಲೊಂದು ಬೆಳಿಗ್ಗೆ ಮೇಷ್ಟ್ರು ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದು, ಸ್ಪಷ್ಟವಾಗಿ, "ಆಂಡ್ ಈವನ್ ದಿ..." ಎಂದರು. ರಾಜಕ್ಕ ಖುಷಿಯಲ್ಲಿ ಅತ್ತುಬಿಟ್ಟರು. ಅಂದೇ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದರು.

ಸುದ್ದಿ ಭದ್ರಾವತಿಗೆ ಮುಟ್ಟಿತು. ಅಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಹಳೇ ಶಿಷ್ಯ ಸತೀಶ್ ಹಣ್ಣು ಹಿಡಿದು ಬಂದ. ಮೇಷ್ಟ್ರು ಅವನನ್ನು ನೋಡಿ, "ಬಟ್ ಓನ್ಲಿ ದಿ... ಆರ್ ಪರ್ಹ್ಯಾಪ್ಸ್ ದಿ... ಆಂಡ್ ಆಲ್ಸೋ..." ಎಂದು ಹೇಳುತ್ತಲೇ ಹೋದರು. ಮೊದಲಿನದೇ ಗತ್ತು, ಮೊದಲಿನದೇ ಏರಿಳಿತ. ತಲೆ ಬೋಳಾದ ಆ ಗಂಡಸು ಕೈಕಟ್ಟಿ ನಿಂತು, "ಎಸ್ ಸಾರ್, ಎಸ್ ಸಾರ್," ಎಂದ. ಹೊರಗೆ ಬಂದು ರಾಜಕ್ಕನಿಗೆ ಹೇಳಿದ್ದು ಇಷ್ಟು: "ಮೇಷ್ಟ್ರು ಪೂರ್ತಿ ಇಂಗ್ಲಿಷಿಗೇ ಹೋಗ್ಬಿಟ್ಟಿದಾರಮ್ಮಾ. ನಂಗೆ ಅವಾಗ್ಲೂ ಅರ್ಥ ಆಗ್ತಿರ್ಲಿಲ್ಲ, ಇವಾಗ್ಲೂ ಆಗ್ಲಿಲ್ಲ. ಅಷ್ಟು ದೊಡ್ಡ ಇಂಗ್ಲಿಷು ಅವ್ರದ್ದು."

ಅವನ ಹಿಂದೆ ಉಳಿದವರೂ ಬಂದರು. ಕಾರ್ಖಾನೆಯಿಂದ ನಿವೃತ್ತರಾದವರು, ಆಫೀಸಿನವರು, ಸ್ವತಃ ಮೇಷ್ಟ್ರಾದವರು. ವಾಕ್ಯ ‘ದಿ’ಗೆ ಬಂದು ನಿಲ್ಲುತ್ತದೆ, ಆಮೇಲೆ ಒಂದೂ ಹೆಸರು ಬರುವುದಿಲ್ಲ ಎಂಬುದು ಅವರಲ್ಲಿ ಯಾರ ಕಿವಿಗೂ ಬೀಳಲಿಲ್ಲವೇ? ಬಿದ್ದಿರುತ್ತದೆ. ಆದರೆ ವಿಶ್ವಾರಾಧ್ಯ ಮೇಷ್ಟ್ರ ಇಂಗ್ಲಿಷಿನಲ್ಲಿ ತಪ್ಪು ಹಿಡಿಯುವ ಗಂಡೆದೆ ಯಾರಿಗಿತ್ತು? ಎಲ್ಲರೂ ‘ಎಸ್ ಸಾರ್’ ಹೇಳಿ ಕಾಫಿ ಕುಡಿದು ಹೋದರು. ಕನ್ನಡ ಹೋದರೂ ಇಂಗ್ಲಿಷ್ ಉಳಿಯಿತಲ್ಲ, ಎಂಥಾ ವಿದ್ವತ್ತು ಮಾರಾಯ ಎಂದು ಬೀದಿಯೆಲ್ಲ ಬೀಗಿತು. ಇಬ್ಬರು ತಾಯಂದಿರು ಮಕ್ಕಳನ್ನು ತಂದು ಅವರ ಎದುರು ಕೂರಿಸಿದರು, ಕೇಳಿ ಕೇಳಿಯಾದರೂ ಇಂಗ್ಲಿಷ್ ಬರಲಿ ಎಂದು. ಮಾತು ಬಂದ ಮೇಲೆ ಮಾತಿನ ಆಸ್ಪತ್ರೆ ಯಾಕೆ? ಅಲ್ಲಿಗೆ ಹೋಗುವುದು ನಿಂತಿತು.

ರಾಜಕ್ಕ ಮಾತ್ರ ದಿನವಿಡೀ ಉತ್ತರ ಕೊಟ್ಟರು. ಮೇಷ್ಟ್ರು "ಬಟ್ ಓನ್ಲಿ ದಿ" ಎಂದರೆ, "ಹೂಂ, ಹಂಗೇ ಮಾಡ್ತೀನಿ." "ಆರ್ ಪರ್ಹ್ಯಾಪ್ಸ್ ದಿ" ಎಂದರೆ, "ಆಗ್ಲಿ ಬಿಡಿ, ನಾಳೆ ನೋಡೋಣ." ಮೇಷ್ಟ್ರು ಸಮಾಧಾನದಿಂದ ತಲೆಯಾಡಿಸುತ್ತಿದ್ದರು. ನಿಜ ಹೇಳಬೇಕೆಂದರೆ, ಮೇಷ್ಟ್ರು ಹೆಂಡತಿಯೊಡನೆ ಅಷ್ಟು ಮಾತಾಡಿದ್ದು ಅವರ ಸಂಸಾರದಲ್ಲಿ ಅದೇ ಮೊದಲು.

ನಾನು ಊರಿಗೆ ವರ್ಗವಾಗಿ ಬರುವಷ್ಟರಲ್ಲಿ ವರ್ಷ ಕಳೆದಿತ್ತು. ಹೋಗಿ ಅವರ ಮುಂದೆ ಕೂತು ಕೇಳಿದೆ, ಒಂದು ವಾಕ್ಯದಲ್ಲೂ ಹೆಸರು ಬರಲಿಲ್ಲ. ಕನ್ನಡದಲ್ಲಿ ಹೆಸರು ಮೊದಲು ಬರಬೇಕು. ಹೆಸರುಗಳೇ ಅಳಿಸಿಹೋದ ಮೇಲೆ ಅವರಿಗೆ ಕನ್ನಡದಲ್ಲಿ ಬಾಯಿ ತೆರೆಯುವುದಕ್ಕೇ ಆಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಶುರು ಮಾಡಬಹುದಿತ್ತು, ಮುಗಿಸಲು ಆಗುತ್ತಿರಲಿಲ್ಲ. ನನಗೆ ಅನಿಸಿದ್ದು ಇದು. ಅದನ್ನೇ ರಾಜಕ್ಕನಿಗೆ ಹೇಳಿದೆ.

"ಸುಮ್ನಿರೇ," ಎಂದರು. "ಅವ್ರ ಹತ್ರ ಕಿವಿ ಹಿಂಡಿಸ್ಕೊಂಡೋಳು ನೀನು. ಅವ್ರು ಹೇಳೋದು ನಿಂಗೆಷ್ಟು ಅರ್ಥ ಆದೀತು?"

ಜಗಳ ಮಾಡಿ ಆಟೋ ಹತ್ತಿಸಿ ಮೈತ್ರಿಯ ಹತ್ತಿರ ಕರೆದುಕೊಂಡು ಹೋದೆ. ಅವಳು ಬಾಚಣಿಗೆ, ಬೀಗದ ಕೈ, ಬಾಳೆಹಣ್ಣು ಒಂದೊಂದನ್ನೇ ತೋರಿಸಿದಳು. ಮೇಷ್ಟ್ರಿಗೆ ಯಾವುದರ ಹೆಸರೂ ಬರಲಿಲ್ಲ. "ಮುಂಚೇನೇ ಬರ್ತಾ ಇದ್ದಿದ್ರೆ..." ಎಂದ ಮೈತ್ರಿ ರಾಜಕ್ಕನ ಮುಖ ನೋಡಿ ಮಾತು ನಿಲ್ಲಿಸಿದಳು. ಮನೆ ಮುಟ್ಟಿದ ಮೇಲೆ ರಾಜಕ್ಕ, "ಆ ಹುಡ್ಗಿ ಕನ್ನಡದಲ್ಲಿ ಕೇಳಿದ್ಲು, ಇವ್ರಿಗೆ ಬರೋದು ಇಂಗ್ಲಿಷು," ಎಂದರು. "ಇವ್ರು ಏನೋ ಹೇಳ್ತಿದಾರೆ ರಶ್ಮಿ. ನಂಗೆ ತಿಳೀತಿಲ್ಲ, ಅಷ್ಟೇ. ನಂಗೆ ಇಂಗ್ಲಿಷ್ ಕಲಿಸು."

ಹೀಗೆ ಶುರುವಾಯಿತು ಪಾಠ. ನಾನು ಕಾಲೇಜು ಮುಗಿಸಿ ಬರುವ ಹೊತ್ತಿಗೆ ಅವರು ಅವರೆಕಾಯಿಯೋ ಸೊಪ್ಪೋ ಮುಂದಿಟ್ಟುಕೊಂಡು ತಯಾರಾಗಿರುತ್ತಿದ್ದರು. ಮೊದಲು ಅಡುಗೆಮನೆಯ ಹೆಸರುಗಳು, ಆಮೇಲೆ ಅಂಗಳದ್ದು, ಬೀದಿಯದ್ದು. ಹೆಸರುಗಳನ್ನು ಬಾಚಿಕೊಂಡರು. ಗಂಡನ ತಲೆಯಿಂದ ಖಾಲಿಯಾದದ್ದನ್ನೆಲ್ಲ ಹೆಂಡತಿ ತಮ್ಮ ತಲೆಗೆ ತುಂಬಿಕೊಳ್ಳುತ್ತಿದ್ದಾರೆ ಅನ್ನಿಸಿ ನನಗೆ ಅಳು ಬರುತ್ತಿತ್ತು. ಕೊನೆಗೆ ಸಣ್ಣ ಪದಗಳಿಗೆ ಬಂದೆವು.

"ಆಂಡ್ ಅಂದ್ರೆ ಮತ್ತೆ. ಈವನ್ ಅಂದ್ರೆ ಕೂಡ. ಸರಿ. ದಿ ಅಂದ್ರೆ?"

"ಅದಕ್ಕೆ ಅಂಥಾ ಅರ್ಥ ಇಲ್ಲಕ್ಕಾ. ಮುಂದೆ ಏನೋ ಹೆಸರು ಬರುತ್ತೆ ಅಂತ."

ರಾಜಕ್ಕ ಕಾಯಿ ಸುಲಿಯುವುದನ್ನು ನಿಲ್ಲಿಸಿದರು. ಅವತ್ತು ಹೆಚ್ಚು ಪಾಠ ನಡೆಯಲಿಲ್ಲ.

ಸ್ವಲ್ಪ ದಿನದ ಮೇಲೆ ಮೂವರೂ ಅಂಗಳದಲ್ಲಿ ಕೂತಿದ್ದೆವು. ಸೋಗಾನೆ ನಿಲ್ದಾಣದ ಕಡೆ ಇಳಿಯುವ ವಿಮಾನ ಕಂಡಿತು. ಮೇಷ್ಟ್ರು ಎಡಗೈ ಎತ್ತಿ, "ಆಂಡ್ ಈವನ್ ದಿ..." ಎಂದರು. ರಾಜಕ್ಕ ಮುಂದಿನ ಹೆಸರಿಗೆ ಕಾದರು. ಮೇಷ್ಟ್ರು ನಲ್ಲಿಯ ಕಡೆ ಕೈ ತೋರಿಸಿದರು. "ಆಂಡ್ ಈವನ್ ದಿ..." ಆಮೇಲೆ ಹೆಂಡತಿಯತ್ತ ತಿರುಗಿ, ಬಹಳ ಅಕ್ಕರೆಯಿಂದ, ಅದನ್ನೇ ಅಂದರು.

"ಮೂರಕ್ಕೂ ಒಂದೇನಾ?" ರಾಜಕ್ಕ ನನ್ನನ್ನು ಕೇಳಿದರು.

"ಹೂಂ ಅಕ್ಕಾ."

"ಹಂಗಾದ್ರೆ ಇಷ್ಟು ದಿನ ನಾನು ಹೂಂ ಹೂಂ ಅಂದಿದ್ದು ಯಾತಕ್ಕೆ?"

ಅಲ್ಲಿಂದ ಮುಂದೆ ರಾಜಕ್ಕನ ಬಾಯಲ್ಲಿ ‘ಹೂಂ’ ಬರಲಿಲ್ಲ. ಸುಳ್ಳಿಗೆ ಹೂಂಗುಟ್ಟುವುದು ಅವರಿಗೆ ಬಾರದು. ಮೇಷ್ಟ್ರು "ಬಟ್ ಓನ್ಲಿ ದಿ" ಎಂದರೆ, "ದಿ ಏನು? ವಾಟರಾ? ಟವೆಲ್ಲಾ? ಡೋರಾ?" ಎಂದು ಕಲಿತ ಹೆಸರುಗಳನ್ನೆಲ್ಲ ಮುಂದಿಡುತ್ತಿದ್ದರು. ಯಾವುದೂ ಅಲ್ಲ. ಒಂದು ದಿನ ತಮ್ಮ ಎದೆ ಮುಟ್ಟಿಕೊಂಡು, ಗಂಡ ಎಂದೂ ಕರೆಯದ ಆ ಉದ್ದ ಹೆಸರನ್ನು ತಾವೇ ಹೇಳಿದರು. ಮೇಷ್ಟ್ರಿಗೆ ಆಗ ತಿಳಿಯಿತು, ತಮ್ಮ ಮಾತು ಎದುರಿನವಳಿಗೆ ಮುಟ್ಟುತ್ತಿಲ್ಲ ಎಂದು. ಅದುವರೆಗೆ ಮುಟ್ಟುತ್ತಿದೆ ಎಂದೇ ನಂಬಿದ್ದರು ಪಾಪ. ಬೆವರಿದರು, ಎಡಗೈಯಿಂದ ತೊಡೆಗೆ ಹೊಡೆದುಕೊಂಡರು, ಮಕ್ಕಳ ಹಾಗೆ ಅತ್ತರು. ಮಾತು ದಿನದಿನಕ್ಕೆ ಕಡಿಮೆಯಾಗಿ ಒಂದು ದಿನ ಪೂರ್ತಿ ನಿಂತಿತು. ಹೋದ ವಾರ ಸತೀಶ್ ಬಂದು ಬಹಳ ಹೊತ್ತು ಕೈಕಟ್ಟಿ ನಿಂತಿದ್ದ. ‘ಎಸ್ ಸಾರ್’ ಎನ್ನುವುದಕ್ಕೆ ಅವನಿಗೆ ಅವಕಾಶವೇ ಸಿಗಲಿಲ್ಲ.

ನಾನು ಈಗಲೂ ಕಾಲೇಜು ಮುಗಿಸಿ ಅಲ್ಲಿಗೆ ಹೋಗುತ್ತೇನೆ, ಪಾಠವಿಲ್ಲ. ನಿನ್ನೆ ರಾಜಕ್ಕ ಜಗಲಿಯಲ್ಲಿ ನನ್ನ ಕೈ ಹಿಡಿದು ಕೂರಿಸಿದರು.

"ಕಲಿಸಿದ್ದೆಲ್ಲ ವಾಪಸ್ ತಗೊಂಡು ಹೋಗೇ ಮಾರಾಯ್ತಿ," ಎಂದರು. "ನಂಗೆ ಏನೂ ಬರ್ದೇ ಇದ್ದಾಗ ಅವ್ರು ದಿನವೆಲ್ಲ ನನ್ನ ಹತ್ರ ಮಾತಾಡ್ತಿದ್ರು."