ನಮ್ಮೂರ ರಾಜನ ಕುದುರೆ ನಡೆ

ಇವತ್ತು ಮೊಮ್ಮಗ ಫೋನಿನಲ್ಲಿ ಚೆಸ್ ಆಡುತ್ತಾ, ಕಾಲಾಳನ್ನು ಮೊದಲ ನಡೆಯಲ್ಲೇ ಎರಡು ಮನೆ ಮುಂದಕ್ಕೆ ಹಾರಿಸಿದ. ನೋಡಿದ್ದೇ ತಡ, ನನ್ನ ಹಳೆಯ ಸಿಟ್ಟು ನೆತ್ತಿಗೇರಿತು.

ಕೊಣನೂರಿನ ನಮ್ಮ ಜಗಲಿಯ ಚದುರಂಗದಲ್ಲಿ ಕಾಲಾಳು ಯಾವಾಗಲೂ ಒಂದೊಂದೇ ಮನೆ ನಡೆಯುತ್ತಿತ್ತು. ರಾಜ ಮಾತ್ರ ಆಟಕ್ಕೊಂದು ಸಲ ಕುದುರೆಯಂತೆ ಹಾರಬಹುದಿತ್ತು. ಅಜ್ಜ ನಶ್ಯ ಸೇದಿ, ಪಂಚೆಯ ತುದಿಯಲ್ಲಿ ಮೂಗೊರೆಸಿಕೊಂಡು, "ಮೊದ್ಲು ರಾಜನ್ನ ಆರ್ಸಿ ಭದ್ರ ಮಾಡವ್ವ, ಆಮ್ಯಾಕೆ ಯುದ್ಧ" ಅನ್ನುತ್ತಿದ್ದರು. ಆ ಆರಂಭವೊಂದನ್ನೇ ವರ್ಷಗಟ್ಟಲೆ ತಿದ್ದಿ ಕಲಿಸಿದರು.

ಹಾಸನದಲ್ಲಿ ಶಾಲೆಗಳ ಪಂದ್ಯವಿದ್ದಾಗ ಅವರೇ ಬಸ್ಸಿನಲ್ಲಿ ಕರೆದೊಯ್ದರು. ಎದುರಿನ ಹುಡುಗಿಯ ಕಾಲಾಳುಗಳು ಎರಡೆರಡು ಮನೆ ಹಾರಿ ಬಂದವು. ಕೇಳಿದರೆ ತೀರ್ಪುಗಾರ ಮೇಷ್ಟ್ರು ಅದೇ ಸರಿ ಎಂದರು. ಹೋಗಲಿ, ನನ್ನ ರಾಜನಿದ್ದಾನಲ್ಲ ಎಂದು ಅವನನ್ನು ಹಾರಿಸಿದೆ. ಮೇಷ್ಟ್ರು ಅವನನ್ನೆತ್ತಿ ವಾಪಸ್ಸಿಟ್ಟರು. "ಹಂಗೆಲ್ಲ ಹಾರಂಗಿಲ್ಲಮ್ಮ."

ಅಜ್ಜ ಬೆಂಚಿನಿಂದ ಎದ್ದೇ ಬಂದರು. "ಯಾಕ್ ಆರಂಗಿಲ್ಲ ಸಾ? ನಮ್ಮಪ್ಪನ್ ಕಾಲದಿಂದ್ಲೂ ಆರವ್ನೆ ಕಣ್ ಸಾ!"

"ನಿಮ್ಮೂರಾಟ ನಿಮ್ಮೂರಲ್ಲಿ ಆಡ್ಕಳಿ ಯಜಮಾನ್ರೆ," ಎಂದರು ಮೇಷ್ಟ್ರು.

ಕಟ್ಟಿದ್ದ ಆಟವೆಲ್ಲ ಆ ಒಂದು ನಡೆಗಾಗಿಯೇ ಇತ್ತು. ಸೋತೆ. ಅಜ್ಜ ಮಾತ್ರ ಬಸ್ಸು ಹೊರಡುವವರೆಗೂ ಮೇಷ್ಟ್ರ ಬೆನ್ನು ಬಿಡದೆ ವಾದಿಸಿದರು.

ಮೊಮ್ಮಗನ ಫೋನು ಕಿತ್ತುಕೊಂಡು ರಾಜನನ್ನು ಕುದುರೆ ನಡೆಗೆ ಎಳೆದೆ. ರಾಜ ಸುಮ್ಮನೆ ಜಾರಿ ಹಳೆಯ ಮನೆಯಲ್ಲೇ ಕೂತ. ಮತ್ತೆ ಎಳೆದೆ, ಮತ್ತೆ ಅದೇ. ಜಗಳವಾಡೋಣವೆಂದರೆ ಈ ಫೋನಿನೊಳಗೆ ಒಬ್ಬ ಮೇಷ್ಟ್ರೂ ಇಲ್ಲ.