ಓರಗಿತ್ತಿಯ ಬೆರಳಿನ ಫಿಲ್ಮು

ಆದದ್ದು ಇಷ್ಟೆ. ನನ್ನ ಓರಗಿತ್ತಿಯ ಬೆರಳಿನ ಎಲುಬಿನ ಮೇಲೆ ಒಂದು ಗಂಟು ಬೆಳೆಯಿತು, ಮನೆಯವರೆಲ್ಲ ಅದನ್ನು ಪ್ರಸಾದದ ಹಾಗೆ ಜೋಪಾನ ಮಾಡಿದರು. ನೀರು ಸೇದಿದ್ದು ನಾನು.

ಈಗ ಮೊಮ್ಮಕ್ಕಳು ಬಿದ್ದರೆ ಇಲ್ಲೇ ಪಕ್ಕದ ಮೆಲ್ಕಾರಿನಲ್ಲಿ ಎಕ್ಸ್‌ರೇ ತೆಗೆಸುತ್ತಾರೆ. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಬಂಟ್ವಾಳದಿಂದ ಅದಕ್ಕೆ ಮಂಗಳೂರಿಗೇ ಹೋಗಬೇಕಿತ್ತು. ನಾವಿಬ್ಬರೂ ಒಂದೇ ಮನೆಯ ಸೊಸೆಯಂದಿರು, ಅವಳು ಹಿರಿಯಳು. ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದೆವು. ಎಲೆ ಸುತ್ತಲು ಆಗದಷ್ಟು ಅವಳ ನಡುಬೆರಳು ಊದಿಕೊಂಡಿತು. ಊರಿನ ಡಾಕ್ಟರರು ಒತ್ತಿ ನೋಡಿ, ಕೆಟ್ಟ ಗಡ್ಡೆಯಾದರೆ ಬೆರಳು ತೆಗೆಯಬೇಕಾದೀತು, ಎಕ್ಸ್‌ರೇ ಮಾಡಿಸಿ ಎಂದರು. ಅಂದಿನಿಂದ ಅವಳ ಕೊಡವೂ ನನ್ನ ಸೊಂಟಕ್ಕೆ ಬಂತು. ಬೆಳ್ತಂಗಡಿಯ ನನ್ನ ತವರಿನಲ್ಲಿ ಗದ್ದೆಯ ಬದುವಿನಿಂದ ಬಿದ್ದಾಗಿನಿಂದ ನನ್ನ ಮೊಣಕಾಲು ನೋಯುತ್ತಿತ್ತು. ಅದನ್ನು ಹೊರಗಿನಿಂದ ನೋಡಿದವರೂ ಇಲ್ಲ. ಅವಳ ಬೆರಳನ್ನು ಒಳಗಿನಿಂದ ನೋಡಲು ಹೊರಟರು.

ಅವಳ ಗಂಡ, ನನ್ನ ಭಾವ, ಅವಳನ್ನು ಬಸ್ಸಿನ ಎದುರಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ತಿರುಗಿ ಬರುವಾಗ ಅವಳ ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಕಪ್ಪು ಫಿಲ್ಮು. ಹಗಲು ಇನ್ನೂ ಇತ್ತು. ಭಾವ ಅದನ್ನು ಕಿಟಕಿಗೆ ಹಿಡಿದರು. ಬೆರಳಿನ ಎಲುಬು ಬೆಳ್ಳಗೆ ಕಂಡಿತು, ಅದರ ಬದಿಯಲ್ಲಿ ಮರಕ್ಕೆ ಎದ್ದ ಅಣಬೆಯ ಹಾಗೆ ಗಂಟು.

“ಒಳಗಿನ ಎಲುಬು ಸರಿ ಉಂಟಂತೆ. ಇದು ಮೇಲೆ ಕೂತದ್ದು ಮಾತ್ರ, ಬೆರಳು ತೆಗೆಯುವುದು ಬೇಡ ಅಂದ್ರು,” ಎಂದರು ಭಾವ. “ಇಂಥದ್ದನ್ನು ಮಂಗಳೂರಿನ ಆ ಡಾಕ್ಟ್ರು ಪುಸ್ತಕದಲ್ಲಿ ಮಾತ್ರ ನೋಡಿದ್ದಂತೆ. ಬೆಳೆದಿದೆಯಾ ಅಂತ ನೋಡ್ಲಿಕ್ಕೆ ಮಳೆಗಾಲ ಕಳೆದು ಇನ್ನೊಂದು ತೆಗೀಬೇಕು.”

“ಹಾಗಾದ್ರೆ ನಾಳೆಯಿಂದ ಅಕ್ಕ ನೀರು ಸೇದಬಹುದಲ್ಲ,” ಎಂದೆ.

“ನಿನಗೆ ನೀರಿನದ್ದೇ ಚಿಂತೆ ಮಾರಾಯ್ತಿ,” ಎಂದಳು ಓರಗಿತ್ತಿ. “ಪುಸ್ತಕದಲ್ಲಿ ಇರುವ ಬೆರಳು ಇದು.”

ಅತ್ತೆ ನಕ್ಕರು. “ಮಳೆಗಾಲ ಕಳೆಯಲಿ. ಅಷ್ಟರವರೆಗೆ ನೀನೇ ಸೇದು,” ಎಂದರು.

ನೆರೆಕರೆಯವರು ಬಂದರು. ಮೂಡುಬಿದಿರೆಯಿಂದ ಬಂದಿದ್ದ ಅತ್ತೆಯ ತಂಗಿ ಬಸದಿಯ ಕಂಬ ನೋಡುವ ಹಾಗೆ ಕತ್ತೆತ್ತಿ ಫಿಲ್ಮು ನೋಡಿದರು. ಎಲ್ಲರಿಗೂ ಕಾಫಿ ಕೊಟ್ಟದ್ದು ನಾನು. ಆ ಬಿಳಿ ಗಂಟು ನೋಡಲು ಚಂದವೇ ಇತ್ತು. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಊಟವಾಗಿ ಗಂಡ ಎಲೆಅಡಿಕೆಗೆ ಕುಳಿತಾಗ ಕೇಳಿದೆ: “ನನ್ನ ಮೊಣಕಾಲಿನದ್ದೂ ಒಂದು ತೆಗೆಸುವ.”

“ನಿನ್ನದು ವಾತ. ಅದಕ್ಕೆ ಎಣ್ಣೆ ಉಂಟಲ್ಲ,” ಎಂದರು ಅವರು, ಸುಣ್ಣ ಹಚ್ಚುತ್ತಾ. “ಅತ್ತಿಗೆಯದ್ದು ಹಾಗಲ್ಲ. ಅದು ಅಪರೂಪದ್ದು.”

ಮದುವೆಯಾದ ಮೇಲೆ ನನ್ನ ಯಾವುದನ್ನೂ ಅವರು ಅಪರೂಪ ಎಂದದ್ದಿಲ್ಲ. 

ಮರುದಿನ ಬೆಳಿಗ್ಗೆ ಎರಡು ಕೊಡಗಳನ್ನೂ ಬಾವಿಕಟ್ಟೆಯ ಮೇಲೆ ಕವುಚಿ ಹಾಕಿದೆ. ಮದುವೆಯ ಸೀರೆ ಉಟ್ಟೆ. ಬೀಡಿಯ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಮಂಗಳೂರಿನ ಮೊದಲ ಬಸ್ಸು ಹತ್ತಿ, ಎದುರಿನ ಸೀಟಿನಲ್ಲೇ ಕುಳಿತೆ.