ಎಡಕ್ಕೆ ಬಿದ್ದ ಹೂವು

ನಮ್ಮೂರಿನ ಸಿದ್ದಪ್ಪನ ಗುಡಿಯ ಪೂಜಾರಿ ಚನ್ನಲಿಂಗಪ್ಪನವರು ಈಗೀಗ ಗುಡಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ಹೂವ ಸಿದ್ದಪ್ಪ ಬೀಳಿಸಲ್ಲ ಕಣ್ರಪ್ಪ, ಗಂಧ ಬೀಳಿಸ್ತದೆ." ಬಂದವರು ಕೈಮುಗಿದು ನಗುತ್ತಾರೆ. ಹೆಂಡತಿಗೆ ಕಾಯಿಲೆ ಬಂದಮೇಲೆ ಅಯ್ನೋರಿಗೆ ಒಂದಿಷ್ಟು ತಲೆ ಕೆಟ್ಟಿದೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಆಮೇಲೆ, "ಅದಿರ್ಲಿ ಅಯ್ನೋರೆ, ಬೋರ್ ಕೊರೆಸ್ಬೇಕು, ಒಂದು ಹೂ ಕೇಳಿ" ಎಂದು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಇವರು ಮತ್ತೆ ಹೂ ಅಂಟಿಸುತ್ತಾರೆ. ಬೇರೆ ಏನು ಮಾಡಲೂ ಅವರಿಗೆ ಬರುವುದಿಲ್ಲ.

ನಾನು ಈ ಊರಿನಲ್ಲಿ ಇಪ್ಪತ್ತಾರು ವರ್ಷ ಮೇಷ್ಟ್ರಾಗಿದ್ದು ಇಲ್ಲೇ ನಿವೃತ್ತನಾದವನು. ಕೂಟಗಲ್ ಹೋಬಳಿಯ ಈ ಮೂಲೆಯಲ್ಲಿ ಹಿಪ್ಪುನೇರಳೆ ಕಡ್ಡಿ ನೆಡುವುದರಿಂದ ಹಿಡಿದು ಹೆಣ್ಣು ಕೊಡುವತನಕ ಹೂ ಕೇಳದೆ ಏನೂ ನಡೆಯುವುದಿಲ್ಲ. ಪೂಜಾರಿ ಲಿಂಗದ ಎರಡೂ ಬದಿಗೆ ತೇಯ್ದ ಗಂಧದಿಂದ ಒಂದೊಂದು ಕಣಗಿಲೆ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಮ್ಮೆ ಕೇಳಿದ್ದನ್ನು ಎರಡನೇ ಸಲ ಕೇಳುವಂತಿಲ್ಲ. ನಾನು ಇದನ್ನೆಲ್ಲ ಬೆನ್ನ ಹಿಂದೆ ಆಡಿಕೊಂಡು ನಕ್ಕವನು. ನನ್ನ ನಗುವಿನಿಂದ ಯಾರಿಗೂ ಮೂರು ಕಾಸಿನ ಪ್ರಯೋಜನ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಚಿಕ್ಕಂದಿನಲ್ಲಿ ಚನ್ನಲಿಂಗಪ್ಪನವರು ಹೂ ಬೀಳುವುದನ್ನು ನೋಡಲೆಂದೇ ಊಟ ಬಿಟ್ಟು ಗುಡಿಯಲ್ಲಿ ಕೂರುತ್ತಿದ್ದರಂತೆ. ಹೂ ಒಂದಿಷ್ಟು ಅಲುಗಿದರೆ ಮೈ ಜುಮ್ಮೆನ್ನುತ್ತಿತ್ತಂತೆ. ಅವರ ಮದುವೆಯಾಗಿ ಎರಡು ವರ್ಷಕ್ಕೆ ಪೂಜಾರಿಯಾಗಿದ್ದ ಅಪ್ಪ ಹಾಸಿಗೆ ಹಿಡಿದರು. ಸಾಯುವ ಮೂರು ದಿನ ಮೊದಲು ಮಗನನ್ನು ಹತ್ತಿರ ಕೂರಿಸಿಕೊಂಡು ಗುಟ್ಟು ಹೇಳಿದರು. ಗಂಧ ಗಟ್ಟಿಯಾಗಿದ್ದರೆ ಹೂ ಹಿಡಿದುಕೊಳ್ಳುತ್ತದೆ, ನೀರಾಗಿದ್ದರೆ ಬೇಗ ಜಾರುತ್ತದೆ. ಕೆಲವು ಸಲ ಬೇಕಾದ ಹೂವೇ ಬೀಳುವಂತೆ ತಾವು ನೋಡಿಕೊಂಡು ಹಚ್ಚಿದ್ದುಂಟು. "ನೀನು ತಿಳ್ಕೊಂಡಿರು. ಮಾಡ್ಬ್ಯಾಡ" ಎಂದರು.

ಆ ಮುದುಕನ ಮೇಲೆ ನನಗೆ ಇವತ್ತಿಗೂ ಕೋಪ. ಮಾಡಬೇಡ ಎನ್ನುವವನು ಹೇಳಿದ್ದಾದರೂ ಯಾಕೆ? ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಪರಿಚಯವಾದ, ಗೂಡಿನಿಂದ ನೂಲು ತೆಗೆಸುವ ರೀಲರ್ ಅಸ್ಗರ್ ಸಾಹೇಬರು ಒಮ್ಮೆ ಟೀ ಕುಡಿಯುತ್ತ ಆದಮನ ಕಥೆ ಹೇಳಿದ್ದರು. ಅವರ ಮನೆಯ ಹಿರಿಯರು ಹೇಳುವಂತೆ ಸ್ವರ್ಗದ ತೋಟದಲ್ಲಿ ಮುಟ್ಟಬಾರದು ಎಂದಿದ್ದು ಹಣ್ಣಲ್ಲ, ಗೋಧಿ. "ಒಂದ್ ಕಾಳು ಬಾಯಿಗ್ ಹಾಕ್ಕೊಂಡ್ರು ಮೇಷ್ಟ್ರೇ, ಮೈಮ್ಯಾಲೆ ಬಟ್ಟೆ ಇಲ್ಲ ಅಂತ ಆವಾಗ್ಲೇ ಗೊತ್ತಾಗಿದ್ದು" ಎಂದರು. ಆದಮ ತಾನಾಗಿ ಕೈಚಾಚಿದ. ನಮ್ಮ ಚನ್ನಲಿಂಗಪ್ಪನವರು ಚಾಚಲಿಲ್ಲ, ಹೆತ್ತ ಅಪ್ಪನೇ ಬಾಯಿಗಿಟ್ಟ.

ಅಲ್ಲಿಂದ ಮುಂದೆ ಅವರಿಗೆ ಹೂ ಕಾಣುವುದು ನಿಂತುಹೋಯಿತು, ಗಂಧ ಮಾತ್ರ ಕಾಣತೊಡಗಿತು. ಯಾವುದು ಮೊದಲು ಬೀಳುತ್ತದೆ ಎಂದು ಅಂಟಿಸುವಾಗಲೇ ಗೊತ್ತಾಗುತ್ತಿತ್ತು. ಹಾಗಾಗಬಾರದೆಂದು, ಅಪ್ಪನ ಮಾತು ಉಳಿಸಿಕೊಳ್ಳಲು, ಎರಡೂ ಕಡೆಗೆ ಒಂದೇ ಅಳತೆಯ ಹೂ ಆರಿಸಿ, ಒಂದೇ ಬೆರಳಿನಲ್ಲಿ ಒಂದೇ ಸಮ ಗಂಧ ಹಚ್ಚುತ್ತಿದ್ದರು. ಶಿವರಾತ್ರಿಗೆ ಅವರು ಕೇದಗೆಯ ಕಥೆ ಹೇಳುವ ರೂಢಿ ಇತ್ತು. ಶಿವನ ತುದಿ ಕಾಣದ ಬ್ರಹ್ಮ ಕಂಡೆನೆಂದು ಸುಳ್ಳಾಡಿ ಕೇದಗೆ ಹೂವಿನಿಂದ ಸಾಕ್ಷಿ ಹೇಳಿಸಿದ, ಅದಕ್ಕೇ ಕೇದಗೆ ಶಿವಪೂಜೆಗೆ ಸಲ್ಲದು. ಅಪ್ಪ ಹೋದ ವರ್ಷದಿಂದ ಆ ಕಥೆ ಹೇಳುವುದನ್ನು ಬಿಟ್ಟರು. ಯಾಕೆಂದು ಯಾರೂ ಕೇಳಲಿಲ್ಲ.

ಹೋದ ವರ್ಷದತನಕ ತಪ್ಪಿದ್ದು ಒಂದೇ ಒಂದು ಸಲ. ಹದಿಮೂರು ವರ್ಷದ ಹಿಂದೆ ಒಬ್ಬಳೇ ಮಗಳು ಹೇಮಶ್ರೀಗೆ ದೊಡ್ಡಆಲಹಳ್ಳಿಯಿಂದ ಸಂಬಂಧ ಬಂತು. ಹುಡುಗ ರುದ್ರಪ್ರಸಾದ್. ನೀರಾವರಿ ಜಮೀನು, ಆರ್‌ಸಿಸಿ ಮನೆ. ಚನ್ನಲಿಂಗಪ್ಪನವರಿಗೆ ಮನಸ್ಸು ತುಂಬಿತು. ಹೆಂಡತಿ ಗಿರಿಜಾಂಬ ಮಾತ್ರ ಒಪ್ಪಲಿಲ್ಲ. ಹೆಣ್ಣು ನೋಡಲು ಬಂದ ದಿನ ಆ ಹುಡುಗ ತಾಯಿಯನ್ನು ಗದರಿದ ರೀತಿ ಆಕೆಗೆ ಹಿಡಿಸಿರಲಿಲ್ಲ. "ಹೂ ಕೇಳಿ. ಸಿದ್ದಪ್ಪ ಆಗ್ಲಿ ಅಂದ್ರೆ ನಂದೇನೂ ಇಲ್ಲ" ಎಂದರು. ಇವರು ಎಡಗಡೆಗೆ ಗಂಧ ಗಟ್ಟಿ ಮಾಡಿದರು, ಬಲಗಡೆಗೆ ತೆಳ್ಳಗೆ ಬಳಿದರು. ಹೂ ಬಲಕ್ಕೆ ಬಿತ್ತು.

ಎರಡನೇ ವರ್ಷಕ್ಕೆ ಹೇಮಶ್ರೀ ಗಂಡನ ಮನೆಯ ತೋಟದ ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತು ಎಂದರು. ನಾವೆಲ್ಲ ಕೇಳಿಸಿಕೊಂಡೆವು, ಒಬ್ಬರೂ ನಂಬಲಿಲ್ಲ, ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಗಿರಿಜಾಂಬ ಹುಚ್ಚಿಯಾಗುತ್ತಾಳೆ ಎಂದುಕೊಂಡಿದ್ದೆವು, ಆಗಲಿಲ್ಲ. "ಸಿದ್ದಪ್ಪನೇ ಕೊಟ್ಟಿದ್ದ, ಸಿದ್ದಪ್ಪನೇ ಕರ್ಕೊಂಡ" ಎಂದು ದಿನಕ್ಕೆ ಹತ್ತು ಸಲ ಹೇಳಿಕೊಂಡು ಬದುಕಿದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಗಂಡ ಎದ್ದು ಹೊರಗೆ ಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ದುಃಖ ಎಂದುಕೊಂಡಿದ್ದೆ.

ಹೋದ ವರ್ಷ ಗಿರಿಜಾಂಬನವರಿಗೆ ಎದೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ತಿಂಗಳೊಳಗೆ ಆಪರೇಷನ್ ಮಾಡಿಸಿದರೆ ಉಳಿಯುತ್ತಾರೆ, ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೆ ಆಕೆ ಹೇಳಿದ್ದು ಇಷ್ಟೇ: "ಹೂ ಕೇಳಿ."

ಅವತ್ತು ಗುಡಿಯಲ್ಲಿ ನಡೆದದ್ದನ್ನು ಆಮೇಲೆ ಚನ್ನಲಿಂಗಪ್ಪನವರೇ ನನಗೆ ಹೇಳಿದರು. ಹೇಗಾದರೂ ಬಲಗಡೆಯ ಹೂವೇ ಬೀಳಬೇಕು, ಎಡಗಡೆಯದು ಅಲುಗಬಾರದು. ಹೆದರಿಕೆಯಲ್ಲಿ ಎಡಗಡೆಗೆ ಗಂಧ ಮೆತ್ತಿದರು, ಸಾಲದೆಂದು ಇನ್ನೊಂದಿಷ್ಟು ಮೆತ್ತಿದರು. ನಲವತ್ತು ವರ್ಷ ಅಳತೆ ಬಲ್ಲ ಬೆರಳು ಅವತ್ತು ಅಳತೆ ಮರೆಯಿತು. ಹಸಿ ಗಂಧದ ಮುದ್ದೆ ತನ್ನ ಭಾರಕ್ಕೆ ತಾನೇ ಜಾರಿ, ಹೂವಿನ ಸಮೇತ ಎಡಕ್ಕೆ ಬಿತ್ತು. ಗಿರಿಜಾಂಬ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮನೆಗೆ ನಡೆದರು.

ಎರಡನೇ ಸಲ ಕೇಳುವಂತಿಲ್ಲ. ಎರಡು ಮೂರು ವಾರ ನಾನು ಮತ್ತೆ ಮತ್ತೆ ಹೋಗಿ ಬೈದೆ, ಕೈಮುಗಿದೆ, ಪಕ್ಕದ ಊರಿನಲ್ಲಿ ಇದೇ ಕಾಯಿಲೆಯಿಂದ ಹುಷಾರಾದವರ ಹೆಸರು ಹೇಳಿದೆ. ಆಕೆ ನಗುತ್ತ ಕಾಫಿ ಕೊಟ್ಟರು. "ಸಿದ್ದಪ್ಪ ಬ್ಯಾಡ ಅಂದ್ಮೇಲೆ ಬ್ಯಾಡ ಮೇಷ್ಟ್ರೇ. ಅವನು ನಮ್ಮನೇಗೆ ಯಾವತ್ತು ಸುಳ್ ಹೇಳವ್ನೆ?" ಎಂದರು. ಕೊನೆಗೊಂದು ಸಂಜೆ ಚನ್ನಲಿಂಗಪ್ಪನವರು ನಮ್ಮ ಜಗಲಿಗೆ ಬಂದು ಕೂತು, ಅಪ್ಪ ಹೇಳಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು.

"ಹೋಗಿ ಹೇಳಿಬಿಡಿ" ಎಂದೆ. ಹೇಳುವುದು ನನಗೇನು, ಸುಲಭ.

"ಎಡಗಡೆ ಹೂ ನನ್ನಿಂದ ಬಿತ್ತು ಅಂತ ಹೇಳ್ದೆ ಮೇಷ್ಟ್ರೇ. ತನ್ನ ಆಸ್ಪತ್ರೆಗೆ ಕಳ್ಸಕ್ಕೆ ಸುಳ್ ಹೇಳ್ತಿದೀರಿ ಅಂತಾಳೆ. ನಂಬ್ಬೇಕು ಅಂದ್ರೆ ಮಗಳ ಹೂವೂ ಹೇಳ್ಬೇಕು. ಅದನ್ನ ಹೇಳಿ ನಾನು ಯಾರ್ನ ಉಳಿಸ್ಕೊಳ್ಳಲಿ?"

ಡಾಕ್ಟರು ಹೇಳಿದ ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಅದರಲ್ಲಿ ಐದು ದಿನ ಅವರು ಹೇಳಲಾರದೆ ಕಳೆದರು. ಆರನೇ ದಿನ ಬೆಳಿಗ್ಗೆ, ಆಕೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ, ಬಾಗಿಲಲ್ಲಿ ನಿಂತು ಹೇಮಶ್ರೀಯ ಹೂವಿನ ಕಥೆ ಹೇಳಿದರು. ಆಕೆ ಸೊಪ್ಪನ್ನೆಲ್ಲ ಬಿಡಿಸಿ ಮುಗಿಸಿದರು. ಮಧ್ಯಾಹ್ನ ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ಬಂದರು. "ಆಸ್ಪತ್ರೆಗೆ ಸೇರಿಸ್ಬುಡಿ ಮೇಷ್ಟ್ರೇ" ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಚನ್ನಲಿಂಗಪ್ಪನವರು ಹಗಲೂ ರಾತ್ರಿ ವಾರ್ಡಿನ ಹೊರಗೆ ಕೂತಿದ್ದರು. ಆಕೆ ನರ್ಸಿನ ಹತ್ತಿರ ಮಾತಾಡಿದರು, ನನ್ನ ಹತ್ತಿರ ಮಾತಾಡಿದರು. ಗಂಡ ತಂದ ಗಂಜಿಯನ್ನೂ ಕುಡಿದರು. ಗಂಡನ ಜೊತೆ ಮಾತ್ರ ಒಂದು ಮಾತಿಲ್ಲ.

ಊರಿಗೆ ವಾಪಸು ಬರುವಾಗ, ಮಾತ್ರೆ ನುಂಗುವ ಹೊತ್ತಾಯಿತೆಂದು ಬಿಡದಿಯಲ್ಲಿ ಕಾರು ನಿಲ್ಲಿಸಿ ತಟ್ಟೆ ಇಡ್ಲಿ ತಂದೆ. ಆಕೆ ಅರ್ಧ ತಿಂದರು. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಸಲ, ಪಕ್ಕದಲ್ಲಿ ಕೂತಿದ್ದ ಗಂಡನ ಕಡೆಗೆ ತಿರುಗಿದರು.

"ನಮ್ಮದುವೆಗೆ ನಿಮ್ಮಪ್ಪ ಹೂ ಕೇಳಿದ್ರಲ್ಲ, ಅದು ತಾನಾಗಿ ಬಿತ್ತಾ, ಬೀಳ್ಸಿದ್ರಾ?"

ಅವರು ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು. "ಗೊತ್ತಿಲ್ಲ ಗಿರಿಜಾ. ಯಾವ್ಯಾವ್ದು ಬೀಳಿಸ್ದೆ ಅಂತ ಅಪ್ಪ ಹೇಳ್ನಿಲ್ಲ."

"ಗೊತ್ತಿದ್ದಿದ್ರೆ ಹೇಳ್ತಿದ್ರಾ?"

ನಾನು ಕಾರಿನ ಕನ್ನಡಿಯಲ್ಲಿ ನೋಡಿದೆ. ಅವರು ಬಾಟಲಿಯನ್ನು ಆಕೆಯ ಕಡೆಗೆ ಚಾಚಿದರು. ಹೌದು ಎಂದಿದ್ದರೆ ಆಕೆ ನಂಬುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಗಿರಿಜಾಂಬ ಗಂಡನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಮಾತ್ರೆ ನುಂಗಿ, "ನಡೀರಿ ಮೇಷ್ಟ್ರೇ" ಎಂದರು.